ಒಂದಿಂಚಿನ ಮನುಷ್ಯನಿಗೆ ಕಣ್ಣು ಬರೆಯುವುದು

"ಮಾಮ, ಇವರೆಲ್ಲ ಯಾಕೆ ಹೆದರಿಕೊಂಡಿದ್ದಾರೆ?"

ಮೂರು ವರ್ಷದ ಹಿಂದಿನ ದಸರಾ. ಅಮ್ಮ ಗೊಂಬೆ ಕೂರಿಸಿದ್ದರು. ಮೆಟ್ಟಿಲುಗಳ ಪಕ್ಕದಲ್ಲಿ ನಾನು ಒಂದು ಹಲಗೆಯ ಮೇಲೆ ಸಿದ್ಧಗಂಗೆಯ ದನದ ಜಾತ್ರೆ ಮಾಡಿಟ್ಟಿದ್ದೆ. ನಲವತ್ತು ಜನ, ಹನ್ನೆರಡು ಜೊತೆ ಹಳ್ಳಿಕಾರ್ ಎತ್ತು, ಒಂದು ಕಬ್ಬಿನ ಹಾಲಿನ ಗಾಡಿ, ಕಡ್ಲೆಪುರಿ ಬೆಂಡು ಬತ್ತಾಸಿನ ಎರಡು ಅಂಗಡಿ, ಒಂದು ಕೆಂಪು ಸರ್ಕಾರಿ ಬಸ್ಸು. ಅಕ್ಕನ ಮಗಳು ಮಂಡಿಯೂರಿ ಕೂತು, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ, ಈ ಪ್ರಶ್ನೆ ಕೇಳಿದಳು. ನಾನೂ ಬಗ್ಗಿ ನೋಡಿದೆ. ಅವಳು ಹೇಳಿದ್ದು ಸರಿ. ನಲವತ್ತೂ ಜನ ಕಣ್ಣು ಬಿಟ್ಟುಕೊಂಡು ನಿಂತಿದ್ದರು. ಎತ್ತಿನ ಹಲ್ಲು ನೋಡುತ್ತಿದ್ದ ದಲ್ಲಾಳಿ, ಕಬ್ಬಿನ ಹಾಲು ಕುಡಿಯುತ್ತಿದ್ದ ಹುಡುಗ, ಮಗು ಎತ್ತಿಕೊಂಡ ಹೆಂಗಸು, ಎಲ್ಲರ ಮುಖದಲ್ಲೂ ಎರಡು ಬಿಳಿ ಗುಡ್ಡೆ, ನಡುವೆ ಒಂದೊಂದು ಕಪ್ಪು ಚುಕ್ಕಿ. ಯಾರೋ "ಚಿರತೆ ಬಂತು" ಅಂತ ಕೂಗಿದ ಕೂಡಲೇ ಫೋಟೋ ಹೊಡೆದ ಹಾಗಿತ್ತು.

ಆ ಎಂಬತ್ತು ಕಣ್ಣಿಗೆ ನಾನು ಆರು ರಾತ್ರಿ ಕಳೆದಿದ್ದೆ. ಜಾತ್ರೆಯ ಉಳಿದ ಯಾವ ಕೆಲಸಕ್ಕೂ ಅಷ್ಟು ಕಷ್ಟಪಟ್ಟಿರಲಿಲ್ಲ. ಎಲ್ಲಕ್ಕಿಂತ ಜಾಸ್ತಿ ಕಷ್ಟಪಟ್ಟ ಜಾಗವೇ ಎಲ್ಲಕ್ಕಿಂತ ಕೆಟ್ಟದಾಗಿ ಕಾಣುತ್ತಿದೆಯಲ್ಲ, ಇದು ಹೇಗೆ ಅಂತ ಆವತ್ತಿನಿಂದ ತಲೆಯಲ್ಲಿ ಕೊರೆಯುತ್ತಲೇ ಇದೆ.

ಎರಡು ಲೆಕ್ಕ

ನಾನು ಮಾಡುವುದು 1:72 ಅಳತೆಯಲ್ಲಿ. ಅಂದರೆ ಐದೂವರೆ ಅಡಿ ಮನುಷ್ಯ 23 ಮಿಲಿಮೀಟರ್ ಆಗುತ್ತಾನೆ. ಒಂದಿಂಚಿಗೂ ಸ್ವಲ್ಪ ಕಡಿಮೆ. ಈ ಅಳತೆಯಲ್ಲಿ ಯುದ್ಧವಿಮಾನ, ಸೈನಿಕರ ಕಿಟ್ಟುಗಳು ಬೇಕಾದಷ್ಟು ಸಿಗುತ್ತವೆ. ಪಂಚೆ ಉಟ್ಟು ಹೆಗಲ ಮೇಲೆ ಟವೆಲ್ ಹಾಕಿಕೊಂಡವರು ಸಿಗುವುದಿಲ್ಲ. ಹಾಗಾಗಿ ಮೋಟರ್ ವೈಂಡಿಂಗ್ ಅಂಗಡಿಯಿಂದ ತಾಮ್ರದ ತಂತಿಯ ತುಂಡು ತಂದು ಮೂಳೆ ಮಾಡಿ, ಮೇಲೆ ಎಂ-ಸೀಲ್ ಮೆತ್ತಿ, ಅದು ಗಟ್ಟಿಯಾಗುವುದರೊಳಗೆ ಸೂಜಿಯಲ್ಲಿ ಮೂಗು, ಬಾಯಿ, ಸೀರೆಯ ನೆರಿಗೆ ಎಬ್ಬಿಸಬೇಕು. ಅದೊಂದು ಬೇರೆಯೇ ಕಥೆ, ಈಗ ಬೇಡ.

ಮೊದಲನೇ ಲೆಕ್ಕ ಇದು. ನಮ್ಮ ಕಣ್ಣು ಮೂಲೆಯಿಂದ ಮೂಲೆಗೆ ಸುಮಾರು 30 ಮಿಲಿಮೀಟರ್. 72ರಿಂದ ಭಾಗಿಸಿದರೆ 0.4. ಒಳಗಿನ ಕರಿಗುಡ್ಡೆ ಸುಮಾರು 12 ಮಿಲಿಮೀಟರ್, ಅದು 0.17 ಆಗುತ್ತದೆ. ಎರಡು ತಲೆಗೂದಲು ಪಕ್ಕಪಕ್ಕ ಇಟ್ಟರೆ ಹೆಚ್ಚುಕಡಿಮೆ ಅಷ್ಟು. ನನ್ನ ಹತ್ತಿರ ಇದ್ದ ಅತಿ ಸಣ್ಣ ಬ್ರಷ್ಷು, ಅದೂ ಹೊಸದಿದ್ದಾಗ, ಎಳೆಯುತ್ತಿದ್ದ ಗೆರೆ ಇದರ ಎರಡರಷ್ಟಿತ್ತು. ಅಂದಮೇಲೆ ಚಿರತೆ ಬರದೆ ಇನ್ನೇನು ಬರುತ್ತದೆ?

ಎರಡನೇ ಲೆಕ್ಕ ಹಾಕಲು ನನಗೆ ಬಹಳ ದಿನ ಬೇಕಾಯಿತು. ಗೊಂಬೆಯನ್ನು ನಾವು ಸುಮಾರು 40 ಸೆಂಟಿಮೀಟರ್ ದೂರದಿಂದ ನೋಡುತ್ತೇವೆ. ಅದನ್ನು 72ರಿಂದ ಗುಣಿಸಿ. ಸುಮಾರು 29 ಮೀಟರ್. ಅಂದರೆ ಆ ಒಂದಿಂಚಿನ ಮನುಷ್ಯ ನನ್ನಿಂದ 29 ಮೀಟರ್ ದೂರ ನಿಂತಿದ್ದಾನೆ. ಇದು ಹೊಳೆದ ದಿನ ಸಂಜೆ ನಮ್ಮ ತುಮಕೂರಿನ ಬಿ.ಎಚ್. ರಸ್ತೆಗೆ ಹೋದೆ. ಫುಟ್‌ಪಾತಿನಲ್ಲಿ ನಿಂತು, ಆ ಕಡೆಯ ಟೀ ಅಂಗಡಿ ಮುಂದೆ ನಿಂತವರ ಕಣ್ಣು ಹುಡುಕಿದೆ. ಜನ ನನ್ನನ್ನು ಏನಂದುಕೊಂಡರೋ. ಅಷ್ಟು ದೂರಕ್ಕೆ ಬಿಳಿ ಗುಡ್ಡೆ ಕಾಣುವುದಿಲ್ಲ. ಕಪ್ಪು ಚುಕ್ಕಿಯೂ ಕಾಣುವುದಿಲ್ಲ. ಹುಬ್ಬಿನ ಕೆಳಗೆ ಒಂದು ಕಂದು ನೆರಳು ಕಾಣುತ್ತದೆ, ಅಷ್ಟೇ. ಆದರೂ ಅವರು ನನ್ನ ಕಡೆ ನೋಡುತ್ತಿದ್ದಾರಾ, ಟೀ ಲೋಟ ನೋಡುತ್ತಿದ್ದಾರಾ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಅದು ಗೊತ್ತಾಗುವುದು ಕತ್ತಿನಿಂದ.

ಅಲ್ಲೇ ನಿಂತು ನಕ್ಕೆ. ಆರು ರಾತ್ರಿ ಬರೆದದ್ದು ಬರೆಯಬೇಕಾದ್ದೇ ಆಗಿರಲಿಲ್ಲ.

(ಚೆನ್ನಾಗಿರುವ ಕಣ್ಣಿಗೂ 40 ಸೆಂಟಿಮೀಟರಿನಿಂದ ಬೇರೆ ಬೇರೆ ಅಂತ ಗುರುತು ಸಿಗುವ ಅತಿ ಸಣ್ಣ ಅಂತರ ಸುಮಾರು 0.12 ಮಿಲಿಮೀಟರ್. ನನಗೆ ನಲವತ್ತಮೂರು. ಚಾಳೀಸು ಬಂದಾಗಿದೆ. ನನ್ನ ಲೆಕ್ಕ ಇನ್ನೂ ಧಾರಾಳ.)

ಬ್ರಷ್ಷಿಗೆ ಹೊಟ್ಟೆ ಬೇಕು

ಸಣ್ಣ ಕೆಲಸಕ್ಕೆ ಸಣ್ಣ ಬ್ರಷ್ಷು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಚಿಕ್ಕಪೇಟೆ, ಎಂ.ಜಿ. ರಸ್ತೆ ಸುತ್ತಿ ಸೊನ್ನೆ, ಎರಡು ಸೊನ್ನೆ, ಮೂರು ಸೊನ್ನೆ ನಂಬರಿನವನ್ನೆಲ್ಲ ತಂದೆ. ಮೂರು ಸೊನ್ನೆಯದರಲ್ಲಿ ಇರುವುದೇ ನಾಲ್ಕು ಕೂದಲು. ಅದು ಹಿಡಿಯುವ ಬಣ್ಣವೂ ಅಷ್ಟಕ್ಕಷ್ಟೆ. ಬಣ್ಣ ಆಕ್ರಿಲಿಕ್, ಊರು ತುಮಕೂರು, ತಿಂಗಳು ಏಪ್ರಿಲ್, ಮೇಲೆ ಫ್ಯಾನು. ಪ್ಯಾಲೆಟ್ಟಿನಿಂದ ಮುಖದವರೆಗೆ ಬರುವಷ್ಟರಲ್ಲಿ ತುದಿಯ ಬಣ್ಣ ಒಣಗಿ ಗಂಟಾಗಿರುತ್ತದೆ. ಒಣಗಿದ್ದು ಇಳಿಯಲಿ ಅಂತ ನಾವು ಒತ್ತುತ್ತೇವೆ. ಒತ್ತಿದ ಕೂಡಲೇ ಬೊಟ್ಟು.

ಬ್ರಷ್ಷಿಗೆ ಹೊಟ್ಟೆ ಬೇಕು, ಮೂತಿ ಚೂಪಾಗಿರಬೇಕು. ಈ ಸೊನ್ನೆಗಳಿಗಿಂತ ದಪ್ಪನಾದ ಒಂದನೇ ನಂಬರಿನ ಬ್ರಷ್ಷು ಹೊಟ್ಟೆಯಲ್ಲಿ ಬಣ್ಣ ತುಂಬಿಕೊಂಡು ತುದಿಯಲ್ಲಿ ಒಂದೇ ಕೂದಲಿನಷ್ಟು ಬಿಡುತ್ತದೆ. ಇದಕ್ಕೆ ಹೆಸರಾದದ್ದು ಕೊಲಿನ್‌ಸ್ಕಿ ಕೂದಲು. ಸೈಬೀರಿಯಾ ಕಡೆಯ ವೀಸಲ್ ಅನ್ನುವ, ನೋಡಲು ನಮ್ಮ ಮುಂಗುಸಿಯಂಥ ಪ್ರಾಣಿಯ ಬಾಲದ್ದು. ವಿನ್ಸರ್ ಅಂಡ್ ನ್ಯೂಟನ್‌ನವರು 1866ರಲ್ಲಿ ವಿಕ್ಟೋರಿಯಾ ರಾಣಿಗೆ ಅಂತ ಮಾಡಿಕೊಟ್ಟ ಬ್ರಷ್ಷು ಇದರದ್ದೇ. ರಾಣಿಗೆ ಮೆಚ್ಚಿಕೆಯಾದ ನಂಬರು ಏಳು, ಅದಕ್ಕೇ ಆ ಸಾಲಿಗೆ ಇವತ್ತಿಗೂ ಸೀರೀಸ್ 7 ಅಂತ ಹೆಸರು. ನಾನು ಒಂದು ತರಿಸಿದ್ದೇನೆ. ಮದುವೆ ಸೀರೆ ಥರ ವರ್ಷಕ್ಕೆರಡು ಸಲ ಹೊರಗೆ ತೆಗೆಯುತ್ತೇನೆ. ದಿನದ ಕೆಲಸಕ್ಕೆ ಸಿಂಥೆಟಿಕ್ ಬ್ರಷ್ಷೇ. ಅದರ ತುದಿ ಕೆಲವು ವಾರಕ್ಕೆ ಕೊಕ್ಕೆ ಥರ ಬಾಗುತ್ತದೆ. ಬಾಗಿದ್ದನ್ನು ಎಸೆಯಬೇಡಿ, ಟೋಪಿಯ ಅಡಿ, ಎತ್ತಿನ ಹೊಟ್ಟೆಯ ಕೆಳಗೆ ಬಣ್ಣ ಮುಟ್ಟಿಸಲು ಆ ಕೊಕ್ಕೆಯಂಥದ್ದು ಇನ್ನೊಂದಿಲ್ಲ.

ಮುಂಗುಸಿ ಅಂದೆನಲ್ಲ. ಅಂಗಡಿಯವರು ದನಿ ತಗ್ಗಿಸಿ "ಒರಿಜಿನಲ್ ಕೂದಲಿಂದು ಸಾರ್" ಅಂತ ಏನಾದರೂ ತೆಗೆದುಕೊಟ್ಟರೆ ಬೆಳಕಿಗೆ ಹಿಡಿದು ನೋಡಿ. ಒಂದೊಂದು ಕೂದಲಲ್ಲೂ ಕಂದು, ಕೆನೆ, ಮತ್ತೆ ಕಂದು ಅಂತ ಪಟ್ಟೆ ಇದ್ದರೆ ಅದು ನಮ್ಮ ಹೊಲದ ಬದುವಿನ ಮುಂಗುಸಿಯದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮಾರುವುದು ಅಪರಾಧ. ಒಂದು ಹಿಡಿ ಬ್ರಷ್ಷಿಗೆ ಎಷ್ಟು ಪ್ರಾಣಿ ಸಾಯಬೇಕು ಅಂತ ಯೋಚಿಸಿದರೆ ಆ ಅಂಗಡಿಯಲ್ಲಿ ಇನ್ನೇನೂ ಕೊಳ್ಳಲು ಮನಸ್ಸಾಗುವುದಿಲ್ಲ. ಇಷ್ಟಕ್ಕೂ ನನಗೆ ಈಗ ಸಿಕ್ಕಿರುವ ಅತಿ ಒಳ್ಳೆಯ ಗೆರೆ ಬ್ರಷ್ಷು ಬಂದದ್ದು ಫ್ಯಾನ್ಸಿ ಸ್ಟೋರಿನಿಂದ. ಉಗುರಿನ ಮೇಲೆ ಚಿತ್ರ ಬರೆಯಲು ಹೆಣ್ಣುಮಕ್ಕಳು ಬಳಸುವ, ಉದ್ದ ಕೂದಲಿನ ಅಗ್ಗದ ಬ್ರಷ್ಷು. ಬಳೆ, ಕ್ಲಿಪ್ಪುಗಳ ನಡುವೆ ನಲವತ್ತು ದಾಟಿದ ಗಂಡಸು ನಿಂತು ಅದನ್ನು ಆರಿಸುವಾಗ ಸ್ವಲ್ಪ ಮುಜುಗರವಾಗುತ್ತದೆ. "ಮಗಳಿಗೆ" ಅಂದುಬಿಡುತ್ತೇನೆ.

ಬಣ್ಣ ಒಣಗುವುದಕ್ಕೆ ಮದ್ದು ಒಂದು ಹಳೇ ಟಿಫನ್ ಡಬ್ಬಿ. ತಳಕ್ಕೆ ಪಾತ್ರೆ ಉಜ್ಜುವ ಸ್ಪಂಜು ಕತ್ತರಿಸಿ ಹಾಸಿ, ನೀರು ಹಾಕಿ, ಮೇಲೆ ಬೇಕರಿಯವರು ಟ್ರೇಗೆ ಹಾಕುವ ಬಟರ್ ಪೇಪರ್ ಇಟ್ಟರೆ ಬಣ್ಣ ಅದರ ಮೇಲೆ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ಮುಚ್ಚಳ ಹಾಕಿದರೆ ನಾಳೆಗೂ ಆಗುತ್ತದೆ. ಕಾಗದ ಮೇಣ ಸವರಿದ್ದಾಗಿರಬಾರದು. ಅದರಲ್ಲಿ ನೀರು ಮೇಲೇರುವುದೇ ಇಲ್ಲ, ನಾನು ಮೊದಲ ಸಲ ಅದನ್ನೇ ತಂದು ಸ್ಪಂಜಿಗೆ ಬೈದಿದ್ದೆ.

ಎದುರು ಮನೆ ಆಂಟಿ

ಆ ಚಿರತೆ ಜಾತ್ರೆಯ ದಸರಾದಲ್ಲೇ ಎದುರು ಮನೆ ಆಂಟಿ ಅರಿಶಿನ ಕುಂಕುಮಕ್ಕೆ ಬಂದರು. ಬಂದವರೆಲ್ಲ "ಚೆನ್ನಾಗಿದೆ, ಎಷ್ಟು ತಾಳ್ಮೆ" ಅಂತ ಹೇಳಿ ಹೋಗುತ್ತಿದ್ದರು. ಆಂಟಿ ಏನೂ ಹೇಳಲಿಲ್ಲ. ಕನ್ನಡಕ ಹಣೆಗೇರಿಸಿ, ಬಸ್ಸಿನ ಬದಿಯ ಪಟ್ಟಿಯನ್ನೇ ನೋಡುತ್ತಿದ್ದರು.

"ಏನಪ್ಪಾ, ಇದನ್ನ ಊಟದ ಟೇಬಲ್ ಮೇಲೆ ಮಾಡಿದ್ಯಾ?"

"ಹೌದು ಆಂಟಿ. ಹೇಗೆ ಗೊತ್ತಾಯ್ತು?"

"ಗೆರೆ ಹೇಳ್ತೈತೆ. ಮೊಣಕೈ ನೇತಾಡ್ತಿತ್ತು ನಿಂದು."

ಆಂಟಿ ಇಪ್ಪತ್ತರ ವಯಸ್ಸಿಗೆ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಗೆ ಸೇರಿದವರು. ವಾಚಿನ ಬಿಡಿಭಾಗ ಜೋಡಿಸುವ ಅಸೆಂಬ್ಲಿಯಲ್ಲಿ ಇದ್ದರು. ನಮ್ಮ ಬೀದಿಯಲ್ಲೇ ನಾಲ್ಕು ಮನೆ ಆ ಫ್ಯಾಕ್ಟರಿಯ ಸಂಬಳದಲ್ಲಿ ಕಟ್ಟಿದ್ದು. 2016ರಲ್ಲಿ ವಾಚ್ ಕಂಪನಿಯನ್ನೇ ಮುಚ್ಚಲು ಸರ್ಕಾರ ತೀರ್ಮಾನಿಸಿತು, ಜಾಗ ಇಸ್ರೋಗೆ ಹೋಯಿತು. ಆಂಟಿ ಅದಕ್ಕೂ ಮುಂಚೆಯೇ ವಿಆರ್‌ಎಸ್ ತೆಗೆದುಕೊಂಡಿದ್ದರು. ಇಷ್ಟು ವರ್ಷ ಎದುರಿಗಿದ್ದರೂ ಅವರ ಕೈಯ ಬಗ್ಗೆ ನನಗೆ ಗೊತ್ತಿದ್ದದ್ದು ರಂಗೋಲಿ ಮಾತ್ರ. ಬೆಳಿಗ್ಗೆ ಹಾಲು ತರಲು ಹೊರಟಾಗ ಅವರ ಬಾಗಿಲ ಮುಂದೆ ಚುಕ್ಕಿಗಳು ನಿಂತಿರುತ್ತಿದ್ದವು, ಸ್ಕೇಲ್ ಇಟ್ಟ ಹಾಗೆ. ವಾಪಸ್ ಬರುವಷ್ಟರಲ್ಲಿ ರಂಗೋಲಿ ಮುಗಿದಿರುತ್ತಿತ್ತು.

ಮಾರನೇ ದಿನ ಒಂದು ಹಳೇ ಕುಂಕುಮದ ಡಬ್ಬಿ ಹಿಡಿದುಕೊಂಡು ಬಂದರು. ಒಳಗೆ ಎರಡು ಚಿಮ್ಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ, ಕಡ್ಡಿಯಂಥ ಮೂರು ಸಾಮಾನು. ಮೊದಲು ನನ್ನ ಟೇಬಲ್ಲನ್ನು ಎತ್ತರ ಮಾಡಿಸಿದರು. ನಾಲ್ಕು ಕಾಲಿನ ಕೆಳಗೂ ಇಟ್ಟಿಗೆ. ವಾಚ್ ಕೆಲಸದ ಬೆಂಚು ಎದೆಯ ಮಟ್ಟಕ್ಕೆ ಇರುತ್ತದಂತೆ. ಬಗ್ಗಬೇಕಾಗಿಲ್ಲ, ಮುಂಗೈ ಪೂರ್ತಿ ಹಲಗೆಯ ಮೇಲೆ ಮಲಗಿರುತ್ತದೆ. ಆಮೇಲೆ ಎರಡೂ ಮಣಿಕಟ್ಟು ಒಂದಕ್ಕೊಂದು ತಾಗಿಸಲು ಹೇಳಿದರು. ಎಡಗೈಯಲ್ಲಿ ಗೊಂಬೆ, ಬಲಗೈಯಲ್ಲಿ ಬ್ರಷ್ಷು, ಎರಡೂ ಕೈ ನಮಸ್ಕಾರ ಮಾಡುವ ಹಾಗೆ ಬುಡದಲ್ಲಿ ಕೂಡಿರಬೇಕು. ಆಗ ಕೈ ನಡುಗಿದರೂ ಗೊಂಬೆ, ಬ್ರಷ್ಷು ಎರಡೂ ಒಟ್ಟಿಗೇ ನಡುಗುತ್ತವೆ. ಒಂದಕ್ಕೊಂದು ನೋಡಿದರೆ ಯಾವುದೂ ಅಲ್ಲಾಡಿರುವುದಿಲ್ಲ.

"ಕೈ ನಡುಗದೆ ಇರೋರು ಯಾರೂ ಇಲ್ಲ ಕಣಪ್ಪಾ. ನಡುಗೋಕೆ ಜಾಗ ಇರಬಾರದು ಅಷ್ಟೇ."

ಇದನ್ನು ಕೇಳಿದಾಗ ಚಿಕ್ಕವನಿದ್ದಾಗ ಗಣಪತಿ ಮಾಡುವವರ ಮನೆಯಲ್ಲಿ ನೋಡಿದ್ದು ನೆನಪಾಯಿತು. ಹಬ್ಬಕ್ಕೆ ಎರಡು ದಿನ ಮುಂಚೆ ಕಣ್ಣು ಬರೆಯುತ್ತಿದ್ದರು. ಶಾಲೆ ಬಿಟ್ಟ ಕೂಡಲೇ ಅಲ್ಲಿಗೆ ಓಡುತ್ತಿದ್ದೆವು. ಆ ಅಜ್ಜ ಕಿರುಬೆರಳನ್ನು ಗಣಪತಿಯ ಕೆನ್ನೆಯ ಮೇಲೆ ಊರಿ, ಉಸಿರು ಬಿಟ್ಟು, ಉಸಿರು ಎಳೆದುಕೊಳ್ಳುವ ಮೊದಲು ಒಂದೇ ಎಳೆತದಲ್ಲಿ ರೆಪ್ಪೆ ಮುಗಿಸುತ್ತಿದ್ದರು. ಆ ಕಿರುಬೆರಳು ಯಾಕೆ ಅಂತ ಆಗ ಅರ್ಥವಾಗಿರಲಿಲ್ಲ, ಪ್ರೀತಿಗೆ ಮುಟ್ಟುತ್ತಾರೆ ಅಂದುಕೊಂಡಿದ್ದೆ. ಇನ್ನೊಂದು ಗಮನಿಸಿದ್ದೆ. ಅವರು ಮೊದಲು ಕಣ್ಣು ಬರೆಯುತ್ತಿದ್ದದ್ದು ಹಿಂದಿನ ಸಾಲಿನ ಸಣ್ಣ ಗಣಪತಿಗಳಿಗೆ. ಹತ್ತು ಹದಿನೈದು ಆಗಿ ಕೈ ಕೂಡಿದ ಮೇಲೆ ಮುಂದಿನ ಸಾಲಿನ ದೊಡ್ಡವು. ನಾನೀಗ ಜಾತ್ರೆಯಲ್ಲಿ ಎತ್ತಿನ ಹಿಂದೆ ನಿಂತವರಿಂದ ಶುರು ಮಾಡುತ್ತೇನೆ.

ಹನಿ ತಾನೇ ಇಳಿಯುತ್ತದೆ

ಆಂಟಿಯ ಡಬ್ಬಿಯ ಕಡ್ಡಿಗಳ ಹೆಸರು ಆಯಿಲರ್. ಸಪೂರ ಉಕ್ಕಿನ ತಂತಿ, ತುದಿಯನ್ನು ಸೌಟಿನ ಹಾಗೆ ಚೂರು ಚಪ್ಪಟೆ ಮಾಡಿರುತ್ತಾರೆ. ವಾಚಿನ ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುತ್ತದೆ. ಅದು ಕೂರುವ ಪುಟ್ಟ ಹರಳುಕಲ್ಲಿಗೆ ಎಣ್ಣೆ ಬಿಡಬೇಕು. ಹೆಚ್ಚಾದರೆ ಹರಿದು ಕೊಳೆ ಹಿಡಿಯುತ್ತದೆ, ಕಡಿಮೆಯಾದರೆ ಸವೆಯುತ್ತದೆ. ಎಷ್ಟು ಎಣ್ಣೆ ಅನ್ನುವುದನ್ನು ಕೈ ತೀರ್ಮಾನಿಸುವುದಿಲ್ಲ, ಆ ಚಪ್ಪಟೆ ತುದಿ ತೀರ್ಮಾನಿಸುತ್ತದೆ. ಅದ್ದಿದರೆ ಅದಕ್ಕೆ ಹಿಡಿಸುವಷ್ಟೇ ಹನಿ ಅಂಟಿಕೊಳ್ಳುತ್ತದೆ. ಕಲ್ಲಿಗೆ ತಾಗಿಸಿದ ಕೂಡಲೇ ಹನಿ ತಾನೇ ಆ ಕಡೆ ಜಾರುತ್ತದೆ.

ಆಂಟಿ ಅದನ್ನು ನನ್ನ ನೀರಾದ ಕೆಂಪು ಬಣ್ಣಕ್ಕೆ ಅದ್ದಿ, ಮಗು ಎತ್ತಿಕೊಂಡ ಹೆಂಗಸಿನ ಹಣೆಗೆ ಮುಟ್ಟಿಸಿ ತೆಗೆದರು. ಕುಂಕುಮ. ದುಂಡಗೆ, ನಡು ಹಣೆಗೆ. ಇಡೀ ಕೆಲಸಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಆಗಲಿಲ್ಲ. ನಾನು ಬ್ರಷ್ಷಿನಲ್ಲಿ ಇಟ್ಟಿದ್ದ ಕುಂಕುಮಗಳು ಗಾಯದ ಹಾಗೆ ಕಾಣುತ್ತಿದ್ದವು.

ಆಯಿಲರ್ ಎಲ್ಲರಿಗೂ ಸಿಗಲಿಕ್ಕಿಲ್ಲ. ಗುಂಡುಸೂಜಿ, ಹಲ್ಲುಕಡ್ಡಿ, ಉಗುರಿಗೆ ಚುಕ್ಕಿ ಇಡುವ ಗುಂಡುತುದಿಯ ಕಡ್ಡಿ, ಯಾವುದಾದರೂ ಸರಿ. ಚುಕ್ಕಿಯನ್ನು ಬ್ರಷ್ಷಿನಲ್ಲಿ ಬರೆಯಲು ಹೋಗಬಾರದು. ಬಳೆ, ಗುಂಡಿ, ಬಸ್ಸಿನ ರಿವೆಟ್, ಮಗುವಿನ ದೃಷ್ಟಿಬೊಟ್ಟು ಎಲ್ಲಕ್ಕೂ ಇದೇ.

ಆಂಟಿ ಹೋದ ಮೇಲೆ ಕೂತು ಯೋಚಿಸಿದೆ. ನಾನು ಬರೆಯುತ್ತಿದ್ದೇನೆ ಅಂದುಕೊಂಡದ್ದರಲ್ಲಿ ಬರೆಯಬೇಕಾದ್ದು ಎಷ್ಟು? ಸೀರೆಯ ನೆರಿಗೆಗೆ ಕಪ್ಪು ಗೆರೆ ಎಳೆಯುತ್ತಿದ್ದೆ. ಅದರ ಬದಲು ಕಂದು ಬಣ್ಣಕ್ಕೆ ಜಾಸ್ತಿ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು ಸೇರಿಸಿ, ಡಿಕಾಕ್ಷನ್ ಥರ ಮಾಡಿ ಮೇಲೆ ಬಿಟ್ಟರೆ ಅದು ತಾನೇ ಹಳ್ಳ ಹುಡುಕಿಕೊಂಡು ಹೋಗಿ ಕೂರುತ್ತದೆ. ಕಣ್ಣಿನ ಕೆಳಗಿನ ನೆರಳೂ ಹಾಗೇ ಬರುತ್ತದೆ, ಸೂಜಿಯಲ್ಲಿ ಗುಳಿ ತೋಡಿದ್ದರೆ ಸಾಕು. ಉಬ್ಬಿನ ಮೇಲಿನ ಬೆಳಕಿಗೆ ಅದರ ಉಲ್ಟಾ. ಬ್ರಷ್ಷಿನ ಬಣ್ಣವನ್ನೆಲ್ಲ ಹಳೇ ಬನಿಯನ್ನಿಗೆ ಒರೆಸಿ, ಏನೂ ಉಳಿದಿಲ್ಲ ಅನ್ನಿಸಿದಾಗ ಮೇಲೆ ಸವರಬೇಕು. ಮೂಗಿನ ತುದಿ, ಬೆರಳ ಗೆಣ್ಣು, ಎತ್ತಿನ ಪಕ್ಕೆಲುಬು ತಾವಾಗಿ ಎದ್ದುಬರುತ್ತವೆ. ಇದಕ್ಕೆ ಹೆಂಡತಿಯ ಹಳೇ ಪೌಡರ್ ಬ್ರಷ್ಷು ಬಹಳ ಒಳ್ಳೆಯದು. (ಹಳೇದು ಅಂತ ಅವಳೂ ಒಪ್ಪಿದ ಮೇಲೆ ತೆಗೆದುಕೊಳ್ಳಿ.) ಎತ್ತಿನ ಕಣ್ಣಿಗೆ ಕಪ್ಪು ಚುಕ್ಕಿ ಇಟ್ಟು, ಒಣಗಿದ ಮೇಲೆ ಹೊಳೆಯುವ ವಾರ್ನಿಶ್ಶಿನ ಒಂದು ಹನಿ ಬಿಟ್ಟರೆ, ಬಿಳಿ ಮಿಂಚು ಬರೆಯುವುದೇ ಬೇಡ. ಮನೆಯ ಟ್ಯೂಬ್‌ಲೈಟೇ ಅಲ್ಲಿ ಹೊಳೆಯುತ್ತದೆ.

ಸೀರೆಯ ಅಂಚಿನ ವಿಷಯ ನಾನೇ ಕಂಡುಕೊಂಡದ್ದು, ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ಅಂಚಿನ ಹಳದಿಯನ್ನು ಮೊದಲು ದಪ್ಪಗೆ, ಅಂಕುಡೊಂಕಾಗಿ ಬಳಿದುಬಿಡಿ. ಆಮೇಲೆ ಸೀರೆಯ ಹಸಿರನ್ನು ಅದರ ಮೇಲೆ ತನ್ನಿ, ಅಂಚಿನ ತನಕ ಬಂದು ಕೂದಲೆಳೆಯಷ್ಟು ಹಳದಿ ಬಿಟ್ಟು ನಿಲ್ಲಿಸಿ. ಸಣ್ಣ ಗೆರೆ ಎಳೆಯುವುದು ಕಷ್ಟ, ದೊಡ್ಡ ಬಣ್ಣವನ್ನು ಗೆರೆಯ ಹತ್ತಿರಕ್ಕೆ ತರುವುದು ಸುಲಭ. ತಪ್ಪಿದರೆ ಮತ್ತೆ ಹಳದಿ, ಮತ್ತೆ ಹಸಿರು. ಎತ್ತಿನ ಕೊಂಬಿನ ಹಿತ್ತಾಳೆ ಅಣಸಿಗೂ ಇದೇ ದಾರಿ.

ಮೋಸ ಅನ್ನಿಸುತ್ತಿತ್ತು

ಒಂದು ವಿಷಯ ಒಪ್ಪಿಕೊಳ್ಳಬೇಕು. ಇವೆಲ್ಲ ಬಹಳ ದಿನ ನನಗೆ ಮೋಸ ಅನ್ನಿಸುತ್ತಿತ್ತು. ಬಸ್ಸಿನ "ತುಮಕೂರು – ಕುಣಿಗಲ್" ಬೋರ್ಡನ್ನು ಕೈಯಲ್ಲೇ ಬರೆಯಬೇಕು ಅಂತ ಒಂದು ಭಾನುವಾರ ಪೂರ್ತಿ ಕೂತಿದ್ದೆ. ಕುಣಿಗಲ್ ಅಂತ ಓದಲು ಬಂದರೆ ತುಮಕೂರು ಬರುತ್ತಿರಲಿಲ್ಲ. ಕೊನೆಗೆ ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸಿ, ನೀರಿಗೆ ಹಾಕಿದರೆ ಜಾರಿಬರುವ ಡೆಕಲ್ ಕಾಗದದಲ್ಲಿ ಪ್ರಿಂಟ್ ತೆಗೆದೆ. ಮೊದಲನೆಯದರ ಇಂಕು ನೀರಿಗೆ ಹಾಕಿದ ಕೂಡಲೇ ಕರಗಿಹೋಯಿತು. ಇಂಕ್‌ಜೆಟ್ ಪ್ರಿಂಟಿಗೆ ಮೇಲೆ ಕ್ಲಿಯರ್ ಸ್ಪ್ರೇ ಹೊಡೆದು ಒಣಗಿಸಬೇಕಂತೆ. ಬಿಳಿ ಅಕ್ಷರ ಬೇಕಾದರೆ ಬಿಳಿ ಕಾಗದದ ಮೇಲೆ ಸುತ್ತಲಿನ ಬಣ್ಣ ಪ್ರಿಂಟ್ ಮಾಡಬೇಕು, ನಮ್ಮ ಪ್ರಿಂಟರಿನಲ್ಲಿ ಬಿಳಿ ಇಂಕು ಇರುವುದಿಲ್ಲವಲ್ಲ. ಎರಡನೆಯದು ಅಚ್ಚುಕಟ್ಟಾಗಿ ಕೂತಿತು. ಎಲ್ಲರೂ ಮೆಚ್ಚಿದರು. "ಕೈಯಲ್ಲೇ ಬರೆದ್ಯಾ?" ಅಂತ ಯಾರೋ ಕೇಳಿದಾಗ ನಾನು "ಹ್ಞಾಂ… ಹೂಂ" ಅಂದೆ.

ಆಂಟಿಗೆ ಇದನ್ನು ಹೇಳಿದಾಗ ನಕ್ಕುಬಿಟ್ಟರು. "ಅಲ್ವೋ, ನಮ್ಮ ಫ್ಯಾಕ್ಟ್ರೀಲಿ ಹೋಲ್ಡರ್ ಇಲ್ದೆ, ಜಿಗ್ ಇಲ್ದೆ ಬರೀ ಕೈಯಲ್ಲಿ ಹಿಡ್ಕೊಂಡು ಏನಾದ್ರೂ ಮಾಡಕ್ಕೆ ಹೋದ್ರೆ ಬೈಯೋರು. ಕೈ ಚೆನ್ನಾಗೈತೆ ಅ‌ಂತ ತೋರ್ಸಕ್ಕೆ ಬಂದಿದೀಯಾ, ವಾಚ್ ಓಡ್ಸಕ್ಕೆ ಬಂದಿದೀಯಾ ಅನ್ನೋರು."

ಹಾಗಂತ ಎಲ್ಲ ಅಡ್ಡದಾರಿಯೂ ಊರಿಗೆ ಹೋಗುವುದಿಲ್ಲ. ನಾನು ಬ್ರಷ್ಷಿನ ತುದಿ ಚೂಪು ಮಾಡಲು ತುಟಿಯ ನಡುವೆ ಎಳೆಯುತ್ತಿದ್ದೆ. ಬಹಳ ಜನ ಮಾಡುತ್ತಾರೆ, ನಿಜವಾಗಿ ಒಳ್ಳೆಯ ತುದಿ ಬರುತ್ತದೆ. ಆಂಟಿ ನೋಡಿದವರೇ ಕೈಗೆ ಒಂದು ಏಟು ಕೊಟ್ಟರು. "ಬಾಯಿಗೆ ಹಾಕ್ಬೇಡ. ವಾಚಿನ ಕೆಲಸದಲ್ಲಿ ಅದರಿಂದ ಜನ ಸತ್ತಿದ್ದಾರೆ." ಉತ್ಪ್ರೇಕ್ಷೆ ಅಂದುಕೊಂಡು ಹುಡುಕಿ ಓದಿದೆ. ನಿಜ. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಅನ್ನುವ ಊರಿನಲ್ಲಿ 1917ರ ಸುಮಾರಿಗೆ ಹುಡುಗಿಯರು ವಾಚಿನ ಡಯಲ್ಲಿಗೆ ಕತ್ತಲಲ್ಲಿ ಹೊಳೆಯುವ ಅಂಕಿ ಬರೆಯುವ ಕೆಲಸಕ್ಕೆ ಸೇರಿದರು. ಬಣ್ಣದಲ್ಲಿ ರೇಡಿಯಂ, ವಿಕಿರಣ ಸೂಸುವ ಲೋಹ. ಗೆರೆ ಸಣ್ಣಗೆ ಬರಲು ಬ್ರಷ್ಷನ್ನು ತುಟಿಯಲ್ಲಿ ಚೂಪು ಮಾಡಿ ಅಂತ ಕೆಲಸ ಕಲಿಸುವಾಗಲೇ ಹೇಳಿಕೊಟ್ಟಿದ್ದರು. ಪ್ರತಿ ಅಂಕಿಗೆ ಒಂದಿಷ್ಟು ರೇಡಿಯಂ ಹೊಟ್ಟೆಗೆ. ಆಟಕ್ಕೆ ಉಗುರಿಗೂ ಹಚ್ಚಿಕೊಳ್ಳುತ್ತಿದ್ದರಂತೆ. ಕೆಲವು ವರ್ಷಗಳಲ್ಲಿ ಹಲ್ಲು ಉದುರಿ ದವಡೆ ಕೊಳೆಯತೊಡಗಿತು. ಎಷ್ಟೋ ಜನ ಸತ್ತರು. ಐವರು ಕೋರ್ಟಿಗೆ ಹೋದರು, 1928ರಲ್ಲಿ ರಾಜಿಯಾಯಿತು. ನನ್ನ ಬಣ್ಣದಲ್ಲಿ ರೇಡಿಯಂ ಇಲ್ಲ, ಸರಿ. ಆದರೆ ಕೆಲವು ಹಳದಿ, ಕೆಂಪು ಬಣ್ಣಗಳಲ್ಲಿ ಕ್ಯಾಡ್ಮಿಯಂ ಅನ್ನುವ ವಿಷದ ಲೋಹ ಇರುತ್ತದೆ. ಈಗ ಎಡಗೈ ಹೆಬ್ಬೆರಳ ಉಗುರಿನ ಮೇಲೆ ಬ್ರಷ್ಷನ್ನು ಒಂದು ಸುತ್ತು ತಿರುಗಿಸುತ್ತೇನೆ. ತುದಿ ಅಷ್ಟೇ ಚೂಪಾಗುತ್ತದೆ.

ಇನ್ನೊಂದು ಅಡ್ಡದಾರಿ ನನ್ನದೇ ಸೋಮಾರಿತನದ್ದು. ಬಣ್ಣ ಹಚ್ಚಿದ ಗೊಂಬೆಯನ್ನು ಮರಕ್ಕೆ ಹೊಡೆಯುವ ಕಂದು ವಾರ್ನಿಶ್ಶಿನಲ್ಲಿ ಒಮ್ಮೆಗೇ ಅದ್ದಿ ತೆಗೆದರೆ ನೆರಳೆಲ್ಲ ಒಟ್ಟಿಗೆ ಬರುತ್ತದೆ ಅಂತ ಓದಿ, ಹದಿನಾಲ್ಕು ಜನರನ್ನು ಅದ್ದಿದೆ. ಜಾಸ್ತಿಯಾದದ್ದನ್ನು ಒದರಬೇಕು ಅನ್ನುವ ಸಾಲು ಓದಿರಲಿಲ್ಲ. ಹದಿನಾಲ್ಕೂ ಜನ ಆಲೆಮನೆಯ ಬೆಲ್ಲದ ಪಾಕದಲ್ಲಿ ಬಿದ್ದೆದ್ದವರ ಹಾಗೆ ಕಂಡರು. ಪಾದದ ಸುತ್ತ ಪಾಕ ನಿಂತು ಗಟ್ಟಿಯಾಗಿತ್ತು. ಅವರನ್ನು ಆಮೇಲೆ ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಲ್ಲಿಸಿದೆ.

ಮಸೂರವೂ ಒಂದು ಬಗೆಯ ಬಲೆ. ತಲೆಗೆ ಕಟ್ಟಿಕೊಳ್ಳುವ ಭೂತಗನ್ನಡಿ ತರಿಸಿದ ಹೊಸದರಲ್ಲಿ ಮುಖಗಳು ತಟ್ಟೆಯಷ್ಟು ಅಗಲ ಕಾಣುತ್ತಿದ್ದವು. ತಟ್ಟೆಯಷ್ಟು ಅಗಲದ ಮುಖದಲ್ಲಿ ತಪ್ಪೂ ಅಷ್ಟೇ ಕಾಣುತ್ತದೆ. ತಿದ್ದಿದೆ, ತಿದ್ದಿದ್ದನ್ನು ತಿದ್ದಿದೆ. ಪದರದ ಮೇಲೆ ಪದರ ಕೂತು ಮೂಗೇ ಮುಚ್ಚಿಹೋಯಿತು. ಈಗ ಮಸೂರ ಹಾಕಿಕೊಂಡು ಮಾಡುತ್ತೇನೆ, ತೆಗೆದು ನೋಡುತ್ತೇನೆ. ತೆಗೆದಾಗ ಕಾಣದ ತಪ್ಪನ್ನು ಮುಟ್ಟುವುದಿಲ್ಲ.

ವಿಭೂತಿ

ಹೋದ ದಸರಾಕ್ಕೆ ಜಾತ್ರೆಯನ್ನು ಹೊಸದಾಗಿ ಮಾಡಿದೆ. ಎಂಬತ್ತು ಕಣ್ಣನ್ನೂ ಅಳಿಸಿ ಎಂಬತ್ತು ನೆರಳು ಇಟ್ಟೆ. ಒಂದೇ ಸಂಜೆಯ ಕೆಲಸ. ಎಲ್ಲರೂ ಸಮಾಧಾನವಾಗಿ ವ್ಯಾಪಾರಕ್ಕೆ ಹೊರಟರು. ಕೂರಿಸುವ ಹಿಂದಿನ ದಿನ ಅಮ್ಮ ಬಂದು ಒಬ್ಬೊಬ್ಬರನ್ನೇ ನೋಡಿದರು. ಜೊತೆ ಎತ್ತಿನ ಮುಂದೆ ಕೋಲು ಹಿಡಿದು ನಿಂತ ಮುದುಕನ ಹತ್ತಿರ ನಿಂತರು.

"ಅಲ್ಲ ಕಣೋ, ಸಿದ್ಧಗಂಗೆ ಜಾತ್ರೆಗೆ ಬಂದಿದ್ದಾನೆ. ಬೋಳು ಹಣೆಯಲ್ಲಿ ನಿಲ್ಲಿಸಿದೀಯಲ್ಲ. ವಿಭೂತಿ ಎಲ್ಲಿ?"

ಲೆಕ್ಕ ಹಾಕಿದೆ. ಹಣೆಯ ಎತ್ತರ 0.8 ಮಿಲಿಮೀಟರ್. ಅದರಲ್ಲಿ ಮೂರು ಬಿಳಿ ಗೆರೆ, ನಡುವೆ ಎರಡು ಸಂದು, ಮೇಲೆ ಕೆಳಗೆ ಒಂಚೂರು ಜಾಗ. ಒಂದೊಂದಕ್ಕೂ 0.12ಕ್ಕಿಂತ ಕಡಿಮೆ. ಬರೆದರೂ ಕಾಣುವುದಿಲ್ಲ ಅಂತ ಅಮ್ಮನಿಗೆ ಲೆಕ್ಕ ಹೇಳಿದೆ. "ಕಾಣದೆ ಇದ್ರೆ ಇರಲಿ, ಇರಬೇಕು" ಅಂದರು. ಆ ರಾತ್ರಿ ಸೀರೀಸ್ 7 ಹೊರಗೆ ಬಂತು. ಮೊದಲ ಗೆರೆ ಬಂತು. ಎರಡನೆಯದು ಮೊದಲನೆಯದರ ಮೇಲೆ ಹೋಯಿತು. ಒರೆಸಿದೆ. ಬಿಳಿ ಪಟ್ಟಿ ಹಾಕಿ ಅದರ ಮೇಲೆ ಚರ್ಮದ ಬಣ್ಣದ ಎರಡು ಗೆರೆ ತರೋಣ ಅಂದುಕೊಂಡೆ, ಸೀರೆಯ ಅಂಚಿನ ಉಪಾಯ. ಹಣೆ ಪೂರ್ತಿ ಚರ್ಮವಾಯಿತು. ಹಾಲು ಹಾಕುವ ಹುಡುಗನ ಸೈಕಲ್ ಸದ್ದು ಕೇಳುವ ಹೊತ್ತಿಗೆ, ಬ್ರಷ್ಷು ಇಟ್ಟು, ಹಲ್ಲುಕಡ್ಡಿಯ ತುದಿ ಕಚ್ಚಿ ಮೆತ್ತಗೆ ಮಾಡಿ, ಬೂದು ಬೆರೆಸಿದ ಬಿಳಿಯಲ್ಲಿ ಅದ್ದಿ, ಬನಿಯನ್ನಿಗೆ ಒರೆಸಿ, ಹಣೆಗೆ ಅಡ್ಡಡ್ಡ ಒಂದು ಸಲ ಸವರಿದೆ. ಒಂದೇ ಮಬ್ಬು ಪಟ್ಟಿ. ಮಸೂರ ತೆಗೆದು ದೂರದಿಂದ ನೋಡಿದೆ. ದೀಪ ಆರಿಸಿ ಮಲಗಿದೆ.

ಹಬ್ಬದ ಸಂಜೆ ಮನೆ ತುಂಬ ಜನ. ಅಮ್ಮ ಬಂದವರನ್ನೆಲ್ಲ ಹಲಗೆಯ ಹತ್ತಿರ ಕರೆದುಕೊಂಡು ಹೋಗಿ, ಬೆರಳು ತೋರಿಸಿ ಹೇಳುತ್ತಿದ್ದರು: "ಆ ಅಜ್ಜನ ಹಣೆ ನೋಡ್ರಿ. ಮೂರೂ ಗೆರೆ ಬರೆದಿದ್ದಾನೆ ನಮ್ಮ ಹುಡುಗ, ರಾತ್ರಿಯೆಲ್ಲ ಕೂತು." ಬಂದವರು ಬಗ್ಗಿ ನೋಡುತ್ತಿದ್ದರು. "ಹೌದಲ್ವಾ, ಮೂರೂ ಎದ್ದು ಕಾಣ್ತವೆ" ಅನ್ನುತ್ತಿದ್ದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ.

ಎದುರು ಮನೆ ಆಂಟಿಯ ಸರದಿ ಬಂತು. ಕನ್ನಡಕ ಹಣೆಗೇರಿಸಿ ಬಗ್ಗಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತಿ, ನನ್ನ ಕಡೆ ಒಮ್ಮೆ ನೋಡಿ, ಅಮ್ಮನಿಗೆ ಹೇಳಿದರು: "ಹ್ಞೂಂ ಕಣ್ರೀ, ಮೂರೈತೆ."

ಪಕ್ಕದಲ್ಲೇ ಅಕ್ಕನ ಮಗಳು ಮಂಡಿಯೂರಿ ಕೂತಿದ್ದಳು, ಮೂಗು ತಾಗುವಷ್ಟು ಹತ್ತಿರ. ಅವಳಿಗೆ ಒಂಬತ್ತು ವರ್ಷ, ಕಣ್ಣು ಚುರುಕು. ತಿರುಗಿ ನೋಡಿ, "ಅಜ್ಜಿ, ಅದು—" ಅಂತ ಬಾಯಿ ತೆರೆದಳು. ಆಂಟಿ ತಟ್ಟೆಯಿಂದ ಒಂದು ಕೊಬ್ಬರಿ ಮಿಠಾಯಿ ತೆಗೆದು ಆ ಬಾಯಿಗೆ ಇಟ್ಟರು.